ಮೂರು ಲೀಟರ್ ಉಸಿರು, ಮೂರು ಥರದ ಎದೆ

ಆಸ್ಪತ್ರೆಯಲ್ಲಿ ‘ಪಿಎಫ್‌ಟಿ ಮಾಡಿಸಿ’ ಎಂದು ಚೀಟಿ ಬರೆದುಕೊಡುತ್ತಾರಲ್ಲ, ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಆ ಪರೀಕ್ಷೆಗೆ ಬೇಕಾಗುವ ಸರಂಜಾಮು ಬಹಳವೇನಿಲ್ಲ. ಒಂದು ಕುರ್ಚಿ, ಮೂಗಿಗೆ ಸಿಕ್ಕಿಸುವ ಕ್ಲಿಪ್ಪು, ಬಾಯಿಗಿಡುವ ಕೊಳವೆ, ಕೊಳವೆಗೆ ತಗುಲಿಕೊಂಡ ಸ್ಪೈರೋಮೀಟರ್ ಎಂಬ ಯಂತ್ರ, ಜೊತೆಗೆ ಗಂಟಲು ಗಟ್ಟಿಯಿರುವ ಒಬ್ಬ ಟೆಕ್ನಿಷಿಯನ್. “ಎಳಕೊಳ್ಳಿ, ಎಳಕೊಳ್ಳಿ, ಪೂರ್ತಿ ಎಳಕೊಳ್ಳಿ… ಊದಿ! ಊದಿ, ಊದಿ, ಊದಿ, ಬಿಡಬೇಡಿ, ಇನ್ನೂ ಇನ್ನೂ ಇನ್ನೂ…” ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಳಗೆ ಹೆರಿಗೆ ಆಗುತ್ತಿದೆ ಅನ್ನಿಸಬೇಕು. ಅಷ್ಟು ಕೂಗದಿದ್ದರೆ ಪರೀಕ್ಷೆ ನೆಟ್ಟಗಾಗುವುದಿಲ್ಲ.

ಈ ಪರೀಕ್ಷೆಯ ಶಿಸ್ತಿಗೆ ಕೈಮುಗಿಯಬೇಕು. ತುಟಿಯ ಸಂದಿಯಲ್ಲಿ ಗಾಳಿ ಸೋರಿದರೆ ಊದಿದ್ದು ಲೆಕ್ಕಕ್ಕಿಲ್ಲ. ನಾಲಿಗೆ ಕೊಳವೆಗೆ ಅಡ್ಡ ಬಂದರೆ ಲೆಕ್ಕಕ್ಕಿಲ್ಲ. ಮೊದಲ ಸೆಕೆಂಡಿನಲ್ಲಿ ಕೆಮ್ಮಿದರೂ ಲೆಕ್ಕಕ್ಕಿಲ್ಲ. ಒಪ್ಪುವಂತೆ ಮೂರು ಸಲ ಊದಬೇಕು, ಅವುಗಳಲ್ಲಿ ಮೇಲಿನ ಎರಡು ಅಂಕಿಗಳ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ಅಂತರ ಇರಕೂಡದು. ಇದ್ದರೆ ಮತ್ತೆ ಊದಿ. ಯಂತ್ರದ ಮೇಲೂ ನಂಬಿಕೆಯಿಲ್ಲ. ದಿನಾ ಬೆಳಿಗ್ಗೆ ಮೂರು ಲೀಟರ್ ಹಿಡಿಯುವ ದಪ್ಪ ಸಿರಿಂಜಿನಿಂದ ಅದರೊಳಕ್ಕೆ ಗಾಳಿ ತಳ್ಳಿ, ಮೂರು ಲೀಟರ್ ಎಂದೇ ತೋರಿಸುತ್ತದೆಯೇ ಎಂದು ನೋಡಬೇಕು. ಆಚೀಚೆ ಶೇ. 3, ಅಂದರೆ 90 ಮಿಲಿಲೀಟರ್, ಅಷ್ಟೇ ಮಾಫಿ.

ಇಂಥ ಕಟ್ಟುನಿಟ್ಟಿನ ಯಂತ್ರ ಊದಿಸುವುದಕ್ಕೆ ಮೊದಲು ಕೆಲವು ವಿಷಯ ಕೇಳುತ್ತದೆ. ವಯಸ್ಸು, ಎತ್ತರ, ಗಂಡೋ ಹೆಣ್ಣೋ. ಸರಿ, ಎದೆಗೂಡಿನ ಅಳತೆಗೂ ಇವಕ್ಕೂ ಸಂಬಂಧವಿದೆ. ಆಮೇಲೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ: ‘ಎಥ್ನಿಸಿಟಿ’, ಅಂದರೆ ಜನಾಂಗ. ಯಾರ ಎದೆಯಲ್ಲಿ ಎಷ್ಟು ಉಸಿರಿರಬೇಕು ಎಂದು ಲೆಕ್ಕ ಹಾಕಲು ಬಹಳ ಯಂತ್ರಗಳಲ್ಲಿರುವುದು 2012ರ ಜಾಗತಿಕ ಸೂತ್ರ. ಅದಕ್ಕೆ 74 ಸಾವಿರ ಚಿಲ್ಲರೆ ಜನರ ಉಸಿರಿನ ಲೆಕ್ಕ ತೆಗೆದುಕೊಂಡು ಗುಂಪು ಮಾಡಿದರು: ಕಾಕೇಶಿಯನ್, ಆಫ್ರಿಕನ್ ಅಮೆರಿಕನ್, ಈಶಾನ್ಯ ಏಷ್ಯನ್, ಆಗ್ನೇಯ ಏಷ್ಯನ್. ಭಾರತಕ್ಕೆ ಪ್ರತ್ಯೇಕ ಗುಂಪು ದಕ್ಕಲಿಲ್ಲ. ಹಾಗಾದರೆ ತುರುವೇಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು ಕೂತಿರುವ ರೈತ ಯಾರು? ಪಟ್ಟಿಯ ಕೊನೆಯಲ್ಲಿದೆ ನೋಡಿ: ‘ಇತರೆ’. ನಾಡಕಚೇರಿಯ ಅರ್ಜಿಯಲ್ಲೂ ಇದೇ ಪದ ಕಂಡು ರೂಢಿಯಾದ ನಮ್ಮವರು ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ.

ಆ ಪಟ್ಟಿಯ ಮೇಲಿನ ಒಂದು ಕ್ಲಿಕ್ಕಿಗೆ ಎಷ್ಟು ಬೆಲೆ ಎಂದು ಲೆಕ್ಕ ಹಾಕೋಣ. ರೈತ ಊದಿದ್ದು ಮೂರು ಲೀಟರ್. ಆ ವಯಸ್ಸು, ಆ ಎತ್ತರದ ಬಿಳಿಯನಿಗೆ ನಾಲ್ಕು ಲೀಟರ್ ಇರಬೇಕು ಎಂದು ಯಂತ್ರದ ಎಣಿಕೆ ಅನ್ನಿ. ಕಾಕೇಶಿಯನ್ ಒತ್ತಿದರೆ ನಾಲ್ಕರಲ್ಲಿ ಮೂರು, ಶೇ. 75. ಎಂಬತ್ತಕ್ಕಿಂತ ಕಡಿಮೆ ಬಂದರೆ ತೊಂದರೆ ಎಂಬುದು ಹಳೆಯ ರೂಢಿ, ಆದ್ದರಿಂದ ರೋಗಿ. ನಮ್ಮ ಲ್ಯಾಬುಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಬಿಳಿಯರ ಅಂಕಿಯನ್ನು 0.9ರಿಂದ ಗುಣಿಸಿದರೆ ಇರಬೇಕಾದದ್ದು 3.6 ಲೀಟರ್, ಮೂರು ಬಂದಿದೆ, ಶೇ. 83, ಪಾಸು. ಅಮೆರಿಕದಲ್ಲಿ ಕರಿಯರಿಗೆ ಶೇ. 10ರಿಂದ 15ರಷ್ಟು ಕಡಿಯುವುದು ಬಹುಕಾಲದ ರೂಢಿ. 15 ಕಡಿದರೆ 3.4 ಲೀಟರ್, ಶೇ. 88, ಭೇಷಾದ ಎದೆ. ಉಸಿರು ಅದೇ, ಕೊಳವೆ ಅದೇ, ಎದುರಿಗೆ ಕೂಗುತ್ತಿರುವ ಟೆಕ್ನಿಷಿಯನ್ನೂ ಅವನೇ. ಒಬ್ಬನೇ ಎರಡು ಸಲ ಊದಿದಾಗ 150 ಮಿಲಿಲೀಟರ್ ಅಂತರ ಬಂದರೆ ಸಹಿಸದ ಶಾಸ್ತ್ರ, ಮುಖ ನೋಡಿ 600 ಮಿಲಿಲೀಟರ್ ಮನ್ನಾ ಮಾಡುತ್ತದೆ. ಯಂತ್ರವನ್ನು ಪರೀಕ್ಷಿಸುವುದಕ್ಕೆ ಸಿರಿಂಜಾದರೂ ಇದೆ. ಕಾಕೇಶಿಯನ್ನನೋ ಅಲ್ಲವೋ ಎಂದು ಪರೀಕ್ಷಿಸುವ ಸಿರಿಂಜನ್ನು ಇದುವರೆಗೆ ಯಾರೂ ಮಾಡಿಲ್ಲ.

ನಮ್ಮ ದೇಶದಲ್ಲೇ ಮಾಡಿದ ಸೂತ್ರಗಳಿಲ್ಲವೇ ಎಂದರೆ, ಇವೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು. ಒಂದೇ ಉಸಿರಿಗೆ ಅವೂ ಒಂದೊಂದು ಫಲಿತಾಂಶ ಕೊಡುತ್ತವೆ. ಬೆಳಗಾವಿಯವನ ಶ್ವಾಸಕೋಶ ದಕ್ಷಿಣಕ್ಕೆ ಸೇರಿದ್ದೋ ಪಶ್ಚಿಮಕ್ಕೋ ಎಂಬ ಪ್ರಶ್ನೆಗೆ ಮಹಾಜನ ವರದಿಯಲ್ಲೂ ಉತ್ತರವಿಲ್ಲ.

ಅಂದಹಾಗೆ, ಈ ಕಾಕೇಶಿಯನ್ ಎಲ್ಲಿಂದ ಬಂದ? ಜರ್ಮನಿಯ ಗಾಟಿಂಗೆನ್‌ನಲ್ಲಿ ಬ್ಲೂಮೆನ್‌ಬಾಖ್ ಎಂಬ ಪಂಡಿತನ ಬಳಿ ತಲೆಬುರುಡೆಗಳ ಸಂಗ್ರಹವಿತ್ತು. ಅದರಲ್ಲಿ ಕಾಕಸಸ್ ಬೆಟ್ಟಸಾಲಿನ ಜಾರ್ಜಿಯಾದ ಒಬ್ಬ ಹೆಂಗಸಿನ ಬುರುಡೆ ಆತನಿಗೆ ಬಹಳ ಚೆಂದ ಕಂಡಿತು. 1795ರಲ್ಲಿ, ಇಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದಾಗ, ಮನುಷ್ಯರನ್ನು ಐದು ಪಾಲು ಮಾಡಿ ಯುರೋಪಿನವರ ಪಾಲಿಗೆ ಆ ಬೆಟ್ಟದ ಹೆಸರಿಟ್ಟ. ಬುರುಡೆ ಸುಂದರವಾಗಿದೆ ಎಂಬುದನ್ನು ಬಿಟ್ಟರೆ ಬೇರೆ ಗಟ್ಟಿ ಆಧಾರವೇನೂ ಇರಲಿಲ್ಲ. ಹೆಣ್ಣು ನೋಡಲು ಹೋದವರು ಕೂಡ ಇದಕ್ಕಿಂತ ನಾಲ್ಕು ಪ್ರಶ್ನೆ ಹೆಚ್ಚು ಕೇಳುತ್ತಾರೆ.

ಆ ಬುರುಡೆಯ ವಂಶದಲ್ಲಿ ನಮಗೂ ಒಂದು ಪಾಲು ಇದೆ ಎಂದು ನಂಬಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದವರೊಬ್ಬರಿದ್ದರು: ಪಂಜಾಬಿನ ಭಗತ್ ಸಿಂಗ್ ಥಿಂದ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಕಾನೂನಿನಂತೆ ವಲಸೆ ಬಂದವರು ಪೌರತ್ವ ಪಡೆಯಬೇಕಾದರೆ ಬಿಳಿಯರಾಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರಿಗೆ ಕೋರ್ಟು ಹೇಳಿತು: ನಿಮ್ಮ ಚರ್ಮ ಬೆಳ್ಳಗಿದ್ದರೆ ಸಾಲದು, ಬಿಳಿಯ ಎಂದರೆ ಕಾಕೇಶಿಯನ್. ಮೂರು ತಿಂಗಳು ಕಳೆದು, 1923ರ ಫೆಬ್ರವರಿಯಲ್ಲಿ ಥಿಂದ್ ಪಂಡಿತರ ಪುಸ್ತಕಗಳನ್ನು ಹೊತ್ತು ನಿಂತರು: ನೋಡಿ ಸ್ವಾಮಿ, ಇದರ ಪ್ರಕಾರ ನಾನು ಕಾಕೇಶಿಯನ್. ಅದೇ ಕೋರ್ಟು, ಅದೇ ನ್ಯಾಯಮೂರ್ತಿ ಬರೆದ ತೀರ್ಪು: ಪಂಡಿತರು ಏನೇ ಹೇಳಲಿ, ಬೀದಿಯ ಸಾಮಾನ್ಯ ಮನುಷ್ಯ ನಿಮ್ಮನ್ನು ಬಿಳಿಯ ಅನ್ನುವುದಿಲ್ಲ. ಜಪಾನಿನವರಿಗೆ ಶಾಸ್ತ್ರ, ನಮ್ಮವರಿಗೆ ಲೋಕಾರೂಢಿ. ಯಾವ ಬೀಗ ಹಾಕಿದರೆ ಬಾಗಿಲು ತೆರೆಯುವುದಿಲ್ಲವೋ ಅದು.

ಜನಗಣತಿಯವರದು ಇನ್ನೊಂದು ಆಟ. 1920ರಿಂದ 1940ರವರೆಗೆ ಅಮೆರಿಕದ ಗಣತಿಯಲ್ಲಿ ಭಾರತೀಯರ ‘ರೇಸ್’ ಹೆಸರು ‘ಹಿಂದೂ’. ಸಿಖ್ಖರೂ ಅದೇ, ಮುಸಲ್ಮಾನರೂ ಅದೇ. 1970ರಲ್ಲಿ ಎಲ್ಲರೂ ಬಿಳಿಯರು. 1980ರಿಂದ ‘ಏಷ್ಯನ್ ಇಂಡಿಯನ್’. ಮೈಸೂರು ಸೀಮೆಯಿಂದ ಹೋದ ಒಬ್ಬ ದೀರ್ಘಾಯುಷಿ ಅಲ್ಲಿ ಸುಮ್ಮನೆ ಕೂತಲ್ಲೇ ಕೂತಿದ್ದರೂ ಮೂರು ಜನಾಂಗ ದಾಟಿರುತ್ತಿದ್ದ. ಅವನ ಶ್ವಾಸಕೋಶ, ಮೂತ್ರಪಿಂಡಗಳಿಗೆ ಈ ಬಡ್ತಿ, ಹಿಂಬಡ್ತಿಯ ಸುದ್ದಿ ತಲುಪುತ್ತಿತ್ತೋ ಇಲ್ಲವೋ.

ಶ್ವಾಸಕೋಶದ ಶೇಕಡಾ ಕಡಿತಕ್ಕೆ ಮರಳೋಣ, ಏಕೆಂದರೆ ಅದರ ಮೂಲ ಪುರುಷನ ಪರಿಚಯ ಆಗಲೇಬೇಕು. ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಅಮೆರಿಕದ ದಕ್ಷಿಣದ ವೈದ್ಯ. 1851ರಲ್ಲಿ ಈತ ಬರೆದ ವರದಿಯ ಪ್ರಕಾರ ಗುಲಾಮರು ಯಜಮಾನನನ್ನು ಬಿಟ್ಟು ಓಡಿಹೋಗುವುದು ಒಂದು ಕಾಯಿಲೆ. ಅದಕ್ಕೆ ‘ಡ್ರಾಪಟೋಮೇನಿಯಾ’ ಎಂದು ನಾಮಕರಣವೂ ಆಯಿತು. ಔಷಧ: ಚಾಟಿ. ಇದೇ ಮಹಾನುಭಾವ ಸ್ಪೈರೋಮೀಟರಿನಲ್ಲಿ ಊದಿಸಿ, ಕರಿಯರ ಶ್ವಾಸಕೋಶ ಬಿಳಿಯರದಕ್ಕಿಂತ ಶೇ. 20 ಕಡಿಮೆ ಎಂದ. ಕಡಿಮೆ ಇದ್ದರೆ ವಿಶ್ರಾಂತಿ ಕೊಡಬೇಕಲ್ಲ? ಇಲ್ಲ, ಹೊಲದಲ್ಲಿ ಬಲವಂತದ ದುಡಿಮೆಯೇ ಅವರ ರಕ್ತಕ್ಕೆ ಒಳ್ಳೆಯದು ಎಂದು ಸಲಹೆ. ಅಂತರ್ಯುದ್ಧದ ಸೈನಿಕರನ್ನು ಅಳೆದ ಗೂಲ್ಡ್ ಎಂಬುವವರ 1869ರ ದೊಡ್ಡ ಸಮೀಕ್ಷೆಯಲ್ಲೂ ಕರಿಯ ಸೈನಿಕರ ಅಂಕಿ ಕಡಿಮೆ ಬಂತು. ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು ಏನು ತಿಂದಿದ್ದರು, ಎಂಥ ಧೂಳಿನಲ್ಲಿ ದುಡಿದಿದ್ದರು ಎಂಬ ಕಾಲಂ ಅಲ್ಲಿರಲಿಲ್ಲ. ಬಣ್ಣದ ಕಾಲಂ ಇತ್ತು. ಅದು ಪುಸ್ತಕದಿಂದ ಪುಸ್ತಕಕ್ಕೆ, ಪುಸ್ತಕದಿಂದ ಸಾಫ್ಟ್‌ವೇರಿಗೆ ಇಳಿಯಿತು. ಇಳಿಯುವಾಗ ಚಾಟಿಯನ್ನು ಮಾತ್ರ ಬಿಟ್ಟುಬಂತು.

ಇದು ಕೇವಲ ಪಾಂಡಿತ್ಯದ ವಿಷಯವಾಗಿದ್ದರೆ ನಗಬಹುದಿತ್ತು. 1999ರಲ್ಲಿ ಬಾಲ್ಟಿಮೋರ್‌ನ ಕೋರ್ಟಿನಲ್ಲಿ ಕಲ್ನಾರಿನ ಒಂದು ಕಂಪನಿ ಇದನ್ನೇ ವಾದವಾಗಿ ಹೂಡಿತು: ಕಲ್ನಾರಿನ ಧೂಳು ಕುಡಿದು ಎದೆ ಕೆಟ್ಟಿದೆ ಎನ್ನುವ ಕರಿಯ ಕಾರ್ಮಿಕರು ಬಿಳಿಯರಿಗಿಂತ ಹೆಚ್ಚು ಕೆಟ್ಟ ಎದೆ ತೋರಿಸಿದರೆ ಮಾತ್ರ ಪರಿಹಾರ ಕೇಳಲಿ. ಮೇಲಿನ ಲೆಕ್ಕವನ್ನೇ ನೆನೆಯಿರಿ. ಪಕ್ಕಪಕ್ಕದಲ್ಲಿ ನಿಂತು ದುಡಿದ ಇಬ್ಬರೂ ಮೂರು ಮೂರು ಲೀಟರ್ ಊದಿದರೆ ಬಿಳಿಯವನು ಶೇ. 75ರ ರೋಗಿ, ಕರಿಯವನು ಶೇ. 88ರ ಆರೋಗ್ಯವಂತ.

ಅಮೆರಿಕನ್ ಫುಟ್‌ಬಾಲಿನವರು ಇದನ್ನು ತಲೆಗೂ ಏರಿಸಿದರು. ಆಟದಲ್ಲಿ ತಲೆಗೆ ಪೆಟ್ಟು ತಿಂದು ಬುದ್ಧಿ ಮಂಕಾದ ಮಾಜಿ ಆಟಗಾರರಿಗೆ ಪರಿಹಾರದ ಒಪ್ಪಂದವಾಯಿತು. ಎಷ್ಟು ಮಂಕಾಗಿದೆ ಎಂದು ತಿಳಿಯಲು ಮೊದಲು ಎಷ್ಟು ಚುರುಕಾಗಿತ್ತು ಎಂಬ ಅಂದಾಜು ಬೇಕು. ಆ ಅಂದಾಜಿನ ಕೋಷ್ಟಕದಲ್ಲಿ ಕರಿಯರಿಗೆ ಮೊದಲಿಂದಲೇ ಅಂಕ ಕಡಿಮೆ. ನಿನಗೆ ಇದ್ದದ್ದೇ ಇಷ್ಟು, ಕಳೆದುಕೊಂಡದ್ದು ಅಷ್ಟೇನಿಲ್ಲ, ಆದ್ದರಿಂದ ಪರಿಹಾರವಿಲ್ಲ. ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ ಮೇಲೆ, 2021ರ ಜೂನಿನಲ್ಲಿ ಲೀಗಿನವರು ಈ ಪದ್ಧತಿ ಕೈಬಿಡುತ್ತೇವೆ ಎಂದರು.

ಮೂತ್ರಪಿಂಡದ ಕತೆಯಲ್ಲಿ ಕಡಿತವಿಲ್ಲ, ಗುಣಾಕಾರ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಅದು ಮಾಂಸಖಂಡದಿಂದ ಬರುವ ಕಸ. ಕಿಡ್ನಿ ಸೋತಂತೆ ರಕ್ತದಲ್ಲಿ ಏರುತ್ತದೆ. ಕ್ರಿಯಾಟಿನಿನ್, ವಯಸ್ಸು, ಲಿಂಗ ಹಾಕಿ ‘ಇಜಿಎಫ್‌ಆರ್’ ಎಂಬ ಅಂಕಿ ತೆಗೆಯುತ್ತಾರೆ. ‘ಎಂಡಿಆರ್‌ಡಿ’ ಎಂಬ 1999ರ ಸೂತ್ರ 1628 ರೋಗಿಗಳ ಅಧ್ಯಯನದಿಂದ ಬಂತು, ಅದರ ಬಾಲದಲ್ಲಿ ಒಂದು ಷರತ್ತು: ರೋಗಿ ಕರಿಯನಾಗಿದ್ದರೆ 1.18ರಿಂದ ಗುಣಿಸಿ. ‘ಸಿಕೆಡಿ-ಇಪಿಐ’ ಎಂಬ 2009ರ ಸುಧಾರಿತ ಸೂತ್ರದಲ್ಲಿ ಸುಧಾರಣೆಯಾಗಿ ಅದು 1.159 ಆಯಿತು. ದಶಮಾಂಶದ ಮೂರನೆಯ ಸ್ಥಾನದವರೆಗೆ ಕರಿಯ! ಕಾರಣ ಕೇಳಿದರೆ, ಕರಿಯರಿಗೆ ಸರಾಸರಿ ಮಾಂಸಖಂಡ ಹೆಚ್ಚು ಎಂಬ ಸಮಜಾಯಿಷಿ. ಹಾಗಿದ್ದರೆ ಮಾಂಸಖಂಡ ನೋಡಿ ಗುಣಿಸಬಹುದಿತ್ತಲ್ಲ? ಜಿಮ್ಮಿನಲ್ಲಿ ಕಬ್ಬಿಣ ಎತ್ತುವ ಬಿಳಿಯ ಹುಡುಗನಿಗೆ 1, ಕಡ್ಡಿಯಂತಿರುವ ಎಂಬತ್ತರ ಕರಿಯ ಅಜ್ಜಿಗೆ 1.159. ಮಾಂಸಖಂಡದ ಹಂಗು ಅಷ್ಟಾಗಿ ಇಲ್ಲದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆಯೂ ಇದೆ. ಅದಕ್ಕೆ ದುಡ್ಡು ಜಾಸ್ತಿ. ಮುಖ ನೋಡುವುದು ಪುಕ್ಕಟೆ.

ಕರಿಯ ಎಂದು ತೀರ್ಮಾನಿಸುತ್ತಿದ್ದವರು ಯಾರು? ನಮ್ಮಲ್ಲಿ ಜಾತಿ ಪ್ರಮಾಣಪತ್ರ ಬೇಕಾದರೆ ನಾಡಕಚೇರಿಗೆ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಷರಾ, ತಹಶೀಲ್ದಾರರ ಸಹಿ, ಮೇಲೊಂದು ಆರ್‌ಡಿ ನಂಬರ್. ಅಲ್ಲಿ ಇದ್ಯಾವುದೂ ಇಲ್ಲ: ಫೈಲಿನಲ್ಲಿ ಯಾರೋ ಎಂದೋ ಟಿಕ್ ಹಾಕಿದ್ದರೆ ಅದು, ಇಲ್ಲದಿದ್ದರೆ ವೈದ್ಯರ ಕಣ್ಣಂದಾಜು. ಎಷ್ಟೋ ಲ್ಯಾಬುಗಳು ಈ ರಗಳೆಯೇ ಬೇಡವೆಂದು ಎರಡೂ ಅಂಕಿ ಅಚ್ಚು ಹಾಕಿ ಕೊಡುತ್ತಿದ್ದವು: ಆಫ್ರಿಕನ್ ಅಮೆರಿಕನ್ ಆಗಿದ್ದರೆ ಇಷ್ಟು, ಅಲ್ಲದಿದ್ದರೆ ಇಷ್ಟು, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ತಾಯಿ ಬಿಳಿಯಳು, ತಂದೆ ಕರಿಯ ಎನ್ನುವವರಿಗೆ ಅರ್ಧ ದರ, ಅಂದರೆ 1.0795, ಸೂತ್ರದಲ್ಲಿ ಎಲ್ಲೂ ಇರಲಿಲ್ಲ. ನಮ್ಮ ತಾಲೂಕು ಕಚೇರಿಯ ಮುಂದೆ ಈ ಸೂತ್ರಕ್ಕೆ ಒಂದೇ ದಿನದಲ್ಲಿ ತಡೆಯಾಜ್ಞೆ ಬರುತ್ತಿತ್ತು.

ಈ ಗುಣಾಕಾರ ಎಲ್ಲಿ ಕಚ್ಚುತ್ತದೆ ನೋಡಿ. ಅಮೆರಿಕದಲ್ಲಿ ಕಿಡ್ನಿ ಕಸಿಯ ಸರದಿಯಲ್ಲಿ ಕಾಲ ಎಣಿಸಲು ಶುರುವಾಗುವುದು ಇಜಿಎಫ್‌ಆರ್ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಇಳಿದಾಗ, ಇಲ್ಲವೇ ಡಯಾಲಿಸಿಸ್ ಶುರುವಾದಾಗ. ಬಿಳಿಯನ ಅಂಕಿ 18 ಬಂದರೆ ಸರದಿಗೆ ಸೇರಿದ. ಅದೇ ವಯಸ್ಸಿನ, ಅದೇ ಕ್ರಿಯಾಟಿನಿನ್ ಇರುವ ಕರಿಯನ 18ಕ್ಕೆ 1.159 ಗುಣಿಸಿ, 20.86. “ನಿಮ್ಮ ಕಿಡ್ನಿ ಇನ್ನೂ ಚೆನ್ನಾಗಿದೆ, ಇನ್ನಷ್ಟು ಕೆಟ್ಟಮೇಲೆ ಬನ್ನಿ.” 17.3ರವರೆಗೆ ಇಳಿದರೂ ಗುಣಿಸಿದಾಗ 20ರ ಮೇಲೆಯೇ. 2021ರಲ್ಲಿ ಬಣ್ಣದ ಬಾಲ ಕತ್ತರಿಸಿದ ಹೊಸ ಸೂತ್ರ ಬಂತು. 2023ರ ಜನವರಿಯಿಂದ ಹಳೆಯ ಫೈಲುಗಳನ್ನು ತೆಗೆದು ಕರಿಯ ರೋಗಿಗಳ ಕಾಯುವಿಕೆಯನ್ನು ಸರಿಪಡಿಸುವುದು ಕಡ್ಡಾಯವಾಯಿತು. 2024ರ ಮಾರ್ಚ್ ಹೊತ್ತಿಗೆ 14,000ಕ್ಕೂ ಹೆಚ್ಚು ಜನರ ಸರದಿ ಮುಂದಕ್ಕೆ ಬಂತು, ಸರಾಸರಿ ಸುಮಾರು ಎರಡು ವರ್ಷ. ಫೈಲು ತೆಗೆಯುವ ತನಕ ಬದುಕಿದ್ದವರ ಮಾತು ಇದು.

ಇಷ್ಟು ಓದಿದ ಮೇಲೆ, ವೈದ್ಯಶಾಸ್ತ್ರಕ್ಕೆ ಬಣ್ಣದ ಮೇಲೆ ವಿಪರೀತ ಗಮನ ಎಂದುಕೊಂಡಿರಾದರೆ ತಪ್ಪು. ಬಣ್ಣ ನಿಜವಾಗಿ ಅಡ್ಡ ಬರುವ ಜಾಗ ಒಂದಿದೆ, ಅಲ್ಲಿ ಎಲ್ಲರೂ ಕಣ್ಣುಮುಚ್ಚಿದ್ದರು. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸುತ್ತಿದ್ದ, ಆಮೇಲೆ ಮನೆಮನೆಯ ಟಿವಿ ಪಕ್ಕ ಬಂದು ಕೂತ ಆಕ್ಸಿಮೀಟರ್ ನೆನಪಿದೆಯೇ? 1974ರಲ್ಲಿ ಜಪಾನಿನ ತಕುವೊ ಅಯೋಯಗಿ ಅವರ ತಲೆಯಿಂದ ಹೊರಟ ಜಾಣ ಉಪಾಯ ಅದು. ಒಂದು ಕಡೆಯಿಂದ ಎರಡು ಬೆಳಕು, 660 ನ್ಯಾನೊಮೀಟರಿನ ಕೆಂಪು ಮತ್ತು 940ರ ಅವಕೆಂಪು, ಬೆರಳನ್ನು ತೂರಿ ಇನ್ನೊಂದು ಕಡೆಗೆ ಬರುತ್ತವೆ. ಆಮ್ಲಜನಕ ಹೊತ್ತ ರಕ್ತ ಕೆಂಪನ್ನು ಕಡಿಮೆ ಹೀರುತ್ತದೆ, ಹೊರದ ರಕ್ತ ಹೆಚ್ಚು ಹೀರುತ್ತದೆ. ಎರಡರ ಪ್ರಮಾಣ ಹಿಡಿದು, ಯಂತ್ರದೊಳಗೆ ಮೊದಲೇ ಬರೆದಿಟ್ಟ ಕೋಷ್ಟಕದಲ್ಲಿ ನೋಡಿ 97 ಎಂದೋ 92 ಎಂದೋ ತೋರಿಸುತ್ತದೆ. ಆ ಕೋಷ್ಟಕ ಬಂದದ್ದು ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಮಾಡಿ ಉಸಿರಾಡಿಸಿ, ಅದೇ ಹೊತ್ತಿಗೆ ಅಪಧಮನಿಯ ರಕ್ತ ತೆಗೆದು ಹೋಲಿಸಿ. ಅವರಲ್ಲಿ ಹೆಚ್ಚಿನವರದು ತಿಳಿ ಬಣ್ಣ. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ ಎಂಬುದು ಆ ಕೋಷ್ಟಕಕ್ಕೆ ಅಷ್ಟಾಗಿ ಗೊತ್ತಿಲ್ಲ.

ಅಮೆರಿಕದ ಔಷಧ ನಿಯಂತ್ರಕರ 2013ರ ಮಾರ್ಗಸೂಚಿ ಕನಿಷ್ಠ ಹತ್ತು ಜನರ ಮೇಲೆ ಪರೀಕ್ಷಿಸಿ, ಅವರಲ್ಲಿ ಇಬ್ಬರಾದರೂ, ಇಲ್ಲವೇ ಶೇ. 15 ಮಂದಿಯಾದರೂ ಗಾಢ ಬಣ್ಣದವರಿರಲಿ ಎಂದಿತು. ಪಂಕ್ತಿಯ ಕೊನೆಗೆ ಎರಡು ಎಲೆ ಹಾಕಿದ ಹಾಗೆ. 2020ರ ಡಿಸೆಂಬರಿನಲ್ಲಿ ಮಿಷಿಗನ್ ವೈದ್ಯರು ಎಣಿಸಿ ತೋರಿಸಿದರು: ಯಂತ್ರ 92ರಿಂದ 96 ಎಂದು ಹೇಳುತ್ತಿರುವಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6, ಕರಿಯರಲ್ಲಿ ಶೇ. 11.7. ಹೀಗಾಗುತ್ತದೆ ಎಂದು 1990ರಲ್ಲೇ ಬೇರೆ ವೈದ್ಯರು ಬರೆದಿದ್ದರು; ಮೂವತ್ತು ವರ್ಷ ಕಾಗದದ ಮೇಲೆ ಇತ್ತು. ನಮ್ಮಲ್ಲೂ 94 ಎಂಬುದು ಮನೆಯಲ್ಲಿರಬೇಕೋ ಹಾಸಿಗೆ ಹುಡುಕಬೇಕೋ ಎಂಬ ಗೆರೆಯಾಗಿತ್ತು. ಆಕ್ಸಿಮೀಟರ್ ಡಬ್ಬಿಯೊಳಗಿನ ಚೀಟಿಯಲ್ಲಿ ಸೂಚನೆಗಳಿಗೇನೂ ಬರವಿಲ್ಲ: ಉಗುರುಬಣ್ಣ ಒರೆಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಲ್ಲಾಡಬೇಡಿ. ಚರ್ಮದ ಬಣ್ಣ ಒರೆಸಿ ಎಂದು ಬರೆಯಲು ಅವರಿಗೂ ಧೈರ್ಯ ಬಂದಿಲ್ಲ. ಒರೆಸುತ್ತೇವೆ ಎನ್ನುವ ಕ್ರೀಮು ಮಾತ್ರ ನಮ್ಮ ಅಂಗಡಿಗಳಲ್ಲಿ 1975ರಿಂದಲೇ ಇದೆ.

ಈಗ ನಾಲ್ಕೂ ಅಂಕಿಗಳನ್ನು ಪಕ್ಕಪಕ್ಕ ಇಡಿ. ಎದೆಗೆ ಕಡಿತ, ತಲೆಗೆ ಕಡಿತ, ಕಿಡ್ನಿಗೆ ಗುಣಾಕಾರ, ಬೆರಳಿಗೆ ಮರೆವು. ದಾರಿ ಬೇರೆ ಬೇರೆ, ಉತ್ತರ ಒಂದೇ: ‘ನಿಮಗೇನೂ ಆಗಿಲ್ಲ, ಮನೆಗೆ ಹೋಗಿ.’ ಕಿರಾಣಿ ಅಂಗಡಿಯ ತಕ್ಕಡಿ ಒಮ್ಮೆ ಗಿರಾಕಿಯ ಕಡೆಗೆ, ಒಮ್ಮೆ ಅಂಗಡಿಯವನ ಕಡೆಗೆ ತಪ್ಪಿದರೆ ಅದು ತಕ್ಕಡಿಯ ದೋಷ. ಬೆಲ್ಲ ತೂಗಿದರೂ ಬೇಳೆ ತೂಗಿದರೂ ಒಂದೇ ಕಡೆಗೆ ವಾಲಿದರೆ ತೂಕ-ಅಳತೆ ಇಲಾಖೆಯವರು ಅದನ್ನು ವೈಜ್ಞಾನಿಕ ಅನಿಶ್ಚಿತತೆ ಎಂದು ಕರೆಯುವುದಿಲ್ಲ.

ಬಣ್ಣದ ಅಂಕಿ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಎದೆಯ ಲೆಕ್ಕದಲ್ಲಿ ಕಡಿತ ತೆಗೆದ ಕೂಡಲೇ ನಿನ್ನೆ ಪಾಸಾದವರು ಇಂದು ನಪಾಸಾಗುತ್ತಾರೆ. ಪರಿಹಾರ ಕೇಳುವವನಿಗೆ ಅದು ಅನುಕೂಲ. ಅಗ್ನಿಶಾಮಕ ದಳದ ಕೆಲಸಕ್ಕೆ ಹೋದವನಿಗೆ, ಶ್ವಾಸಕೋಶದ ಗಡ್ಡೆಗೆ ಆಪರೇಷನ್ ಆಗಬೇಕಾದವನಿಗೆ ಅದೇ ಅಡ್ಡಿ. ಕಿಡ್ನಿಯ ಅಂಕಿ ಇಳಿದರೆ ಕೆಲವು ಮಾತ್ರೆಗಳ ಡೋಸೂ ಇಳಿಯುತ್ತದೆ. ಒಂದು ಅಂಕಿಯ ಗೆರೆ ಎಳೆದು ಈಚೆಗೆ ರೋಗಿ, ಆಚೆಗೆ ಆರೋಗ್ಯವಂತ ಎನ್ನುವ ಪದ್ಧತಿ ಇರುವ ತನಕ ಈ ಜಗ್ಗಾಟ ಇದ್ದದ್ದೇ. ಆದರೆ ಆ ಗೆರೆಯ ಜಗಳವನ್ನು ಎತ್ತರ, ವಯಸ್ಸು, ಹಳೆಯ ರಿಪೋರ್ಟು ಇಟ್ಟುಕೊಂಡು ಆಡಬಹುದು. ಜಾರ್ಜಿಯಾದ ಬುರುಡೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಕಿಲ್ಲ.

ಕೈಯಲ್ಲಿರುವ ರಿಪೋರ್ಟನ್ನು ಓದುವ ಕ್ರಮ ಇಷ್ಟು. ಕಿಡ್ನಿಯ ರಿಪೋರ್ಟಿನಲ್ಲಿ ‘ಸಿಕೆಡಿ-ಇಪಿಐ’ ಪಕ್ಕ 2021 ಎಂದಿದ್ದರೆ ಹೊಸ ಸೂತ್ರ. 2009 ಎಂದೋ ‘ಎಂಡಿಆರ್‌ಡಿ’ ಎಂದೋ ಇದ್ದರೆ ಹಳೆಯದು. ಎರಡನ್ನೂ ಹೋಲಿಸಿ ಕಿಡ್ನಿ ಸುಧಾರಿಸಿತು, ಕೆಟ್ಟಿತು ಎಂದು ಗಾಬರಿಯಾಗಬೇಡಿ. ಬೆರಳಿನ ಯಂತ್ರದಲ್ಲಿ ಐದು ನಿಮಿಷ ಸುಮ್ಮನೆ ಕೂತು, ಅಂಕಿ ನಿಂತಮೇಲೆ ಬರೆದುಕೊಳ್ಳಿ. ಒಂದು ಅಂಕಿಗಿಂತ ದಿನದಿನದ ಇಳಿತ ಮುಖ್ಯ, ಏದುಸಿರು ಬರುತ್ತಿದ್ದರೆ ಅಂಕಿಯನ್ನು ನಂಬಿ ಕೂರಬೇಡಿ. ಎದೆಯ ರಿಪೋರ್ಟಿನಲ್ಲಿ ಶೇಕಡಾ ಬಿಟ್ಟು ಲೀಟರ್ ನೋಡಿ, ಹೋದ ವರ್ಷದ ಲೀಟರಿನ ಜೊತೆ ಹೋಲಿಸಿ. ನಿಮ್ಮ ಉಸಿರಿಗೆ ನೀವೇ ಅಳತೆಗೋಲು.

ಜನಾಂಗ ಕೇಳದ ಜಾಗತಿಕ ಸೂತ್ರ ಬಂದಾಗಿದೆ, 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಅದನ್ನೇ ಬಳಸಿ ಎಂದೂ ಹೇಳಿದೆ. ಆದರೆ ಹೊಸ ಸೂತ್ರ ಹಳೆಯ ಯಂತ್ರದೊಳಕ್ಕೆ ತಾನಾಗಿ ನಡೆದು ಬರುವುದಿಲ್ಲ. ಸಾಫ್ಟ್‌ವೇರ್ ಬದಲಾಗಬೇಕು, ಅದಕ್ಕೆ ಇಂಜಿನಿಯರ್ ಬರಬೇಕು, ಇಂಜಿನಿಯರ್ ಬರಲು ಎಎಂಸಿ, ಅಂದರೆ ಯಂತ್ರದ ವಾರ್ಷಿಕ ನಿರ್ವಹಣೆಯ ಕರಾರು, ನವೀಕರಣವಾಗಬೇಕು, ನವೀಕರಣದ ಫೈಲು ಅಕೌಂಟ್ಸ್ ಸೆಕ್ಷನ್ನಿನಲ್ಲಿ ಸಹಿಗೆ ಕಾಯುತ್ತಿದೆ. ಅಲ್ಲಿಯವರೆಗೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಮೌಸು ಕೆಳಕ್ಕೆ ಇಳಿಯುತ್ತದೆ, ‘ಇತರೆ’ಯ ಮೇಲೆ ನಿಲ್ಲುತ್ತದೆ.

“ಮೂಗಿಗೆ ಕ್ಲಿಪ್ ಹಾಕ್ಕೊಳ್ಳಿ ಯಜಮಾನ್ರೇ. ಎಳಕೊಳ್ಳಿ, ಎಳಕೊಳ್ಳಿ…”